ತುಂಗಭದ್ರೆಯ ದಂಡೆಯ ಮೊದಲ ಒಕ್ಕಲು

(ಅಣ್ಣಿಗೇರಿಯಲ್ಲಿ ಜಿನ್ನಿನ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ನದಿಯ ದಂಡೆಯ ಮೇಲೆ ಬೆಳೆದ ಪುರಾತನ ನಾಗರಿಕತೆಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕರೆಸಿದಿರಿ. ಹಿಂದೆ ನಿಂತವರು ಮುಂದೆ ಬಂದು ಕೂಡ್ರಬೇಕು. ವಿಷಯ ಉದ್ದವಾದದ್ದು, ನಿಂತು ಕೇಳುವಂಥದಲ್ಲ. ಸಿಂಧೂ ನದಿ, ಮೊಹೆಂಜೊದಾರೊ, ಹರಪ್ಪಾ ಇವುಗಳ ಸುದ್ದಿ ಬರುವದೆಂದು ನೀವು ಎಣಿಸಿರಬೇಕು. ಅದೂ ಬರುತ್ತದೆ. ಆದರೆ ನಾವು ಹೆಚ್ಚು ಹೊತ್ತು ನಿಲ್ಲುವದು ಹಿರೇಕೆರೂರ ಸೀಮೆಯ ಹಳ್ಳೂರಿನಲ್ಲಿ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವವರೆಗೆ ಆ ಊರು ನಮ್ಮ ಧಾರವಾಡ ಜಿಲ್ಲೆಯದೇ ಆಗಿತ್ತು. ಇಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಹೋಗಿ ಬಂದವರು ಈ ಸಭೆಯಲ್ಲಿ ಎಷ್ಟು ಮಂದಿ? ಯಾರ ಕೈಯೂ ಏಳಲಿಲ್ಲ. ಇದು ನಿಮ್ಮ ತಪ್ಪೇನೂ ಅಲ್ಲ.

ನಾವು ಶಾಲೆಯಲ್ಲಿ ಕಲಿಸುತ್ತಿದ್ದಾಗ ಇತಿಹಾಸದ ಪುಸ್ತಕದ ಕ್ರಮ ಹೀಗಿತ್ತು: ಮೊದಲು ಸಿಂಧೂ ನದಿ, ಆಮೇಲೆ ವೇದಕಾಲ, ಆಮೇಲೆ ಬುದ್ಧ, ಮೌರ್ಯರು. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನ 1915ರಲ್ಲಿ ಸಿಕ್ಕಿತೆಂಬಲ್ಲಿ ಕರ್ನಾಟಕದ ಹೆಸರು ಬರುವದು. ಅಲ್ಲಿಂದ ಕದಂಬರಿಗೆ ಒಂದೇ ಜಿಗಿತ. ಅಶೋಕ ಬಂಡೆಯ ಮೇಲೆ ಬರೆಯಿಸಿದ್ದನ್ನು ಓದಿ ಹೇಳಿಸಿಕೊಳ್ಳಲು ಇಲ್ಲಿ ಮಂದಿ ಇದ್ದರಷ್ಟೆ. ಆ ಮಂದಿ ಎಲ್ಲಿಂದ ಬಂದರು, ಏನು ಉಣ್ಣುತ್ತಿದ್ದರು, ಯಾವ ಹತ್ಯಾರದಿಂದ ದುಡಿಯುತ್ತಿದ್ದರು ಎಂಬುದಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಹುಡುಗರು ಕೇಳುತ್ತಲೂ ಇರಲಿಲ್ಲ. ಅರಸರಿಲ್ಲದ ಕಾಲವನ್ನು ಖಾಲಿ ಕಾಲವೆಂದು ತಿಳಿಯುವ ರೂಢಿ ನಮಗೆಲ್ಲ ಅಷ್ಟು ಚಿಕ್ಕಂದಿನಿಂದಲೇ ಬಿದ್ದುಬಿಡುತ್ತದೆ.

ಮೊದಲು ಸಿಂಧೂ ನದಿಯ ಮಾತನ್ನು ಮುಗಿಸೋಣ. ಹರಪ್ಪಾದಲ್ಲಿ ದಯಾರಾಮ ಸಾಹನಿ 1921ರಲ್ಲಿ ಅಗೆದರು. ಮೊಹೆಂಜೊದಾರೊದಲ್ಲಿ ರಾಖಾಲದಾಸ ಬ್ಯಾನರ್ಜಿ 1922ರಲ್ಲಿ. ಎರಡೂ ಒಂದೇ ನಾಗರಿಕತೆಯವೆಂದು ಜಾನ್ ಮಾರ್ಶಲ್ 1924ರಲ್ಲಿ ಜಗತ್ತಿಗೆ ಸಾರಿದನು. ಆ ಪಟ್ಟಣಗಳು ತುಂಬ ಏಳಿಗೆಯಲ್ಲಿ ಇದ್ದದ್ದು ಕ್ರಿ.ಪೂ. 2600ರಿಂದ 1900ರವರೆಗೆ. ನೆಟ್ಟಗಿನ ಬೀದಿಗಳು, ಮನೆಮನೆಯ ಬಚ್ಚಲ ನೀರು ಹೋಗಲು ಮುಚ್ಚಿದ ಗಟಾರಗಳು, ಸುಟ್ಟ ಇಟ್ಟಿಗೆ. ಇಟ್ಟಿಗೆಯ ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು. ನೂರಾರು ಮೈಲು ದೂರದ ಊರುಗಳಲ್ಲಿಯೂ ಇದೇ ಅಳತೆ. ಮೊಹೆಂಜೊದಾರೊದ ದೊಡ್ಡ ಹೊಂಡ ಸುಮಾರು 12 ಮೀಟರು ಉದ್ದ, 7 ಮೀಟರು ಅಗಲ. ನೀರು ಸೋರದಂತೆ ಅದಕ್ಕೆ ಡಾಂಬರಿನಂಥ ವಸ್ತುವನ್ನು ಬಳಿದಿದ್ದರು. ನಮ್ಮ ತಾಲೂಕಿನ ಊರುಗಳ ಗಟಾರಗಳನ್ನು ನೆನೆಸಿಕೊಂಡರೆ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಇಲ್ಲಿ ತಕ್ಕಡಿ ಹಿಡಿಯುವವರು ಬಹಳ ಮಂದಿ ಇದ್ದೀರಿ. ಆದ್ದರಿಂದ ಅವರ ತೂಕದ ಕಲ್ಲುಗಳ ವಿಷಯವನ್ನು ತುಸು ಬಿಡಿಸಿ ಹೇಳುತ್ತೇವೆ. ಗಟ್ಟಿಯಾದ ಚಕಮಕಿ ಜಾತಿಯ ಕಲ್ಲನ್ನು ಚೌಕವಾಗಿ ಕಡಿದು ಉಜ್ಜಿ ಮಾಡಿದ ತೂಕಗಳು ಅವು. ಮೇಲೆ ಅಂಕಿ ಇಲ್ಲ, ಮುದ್ರೆ ಇಲ್ಲ. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ಹೀಗೆ ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಹದಿನಾರರ ಕಲ್ಲು ಸುಮಾರು 13.7 ಗ್ರಾಮು, ಅಂದರೆ ನಮ್ಮ ಹಳೆಯ ತೊಲೆಗಿಂತ ಸ್ವಲ್ಪ ಹೆಚ್ಚು. ಗುಜರಾಥದ ಲೋಥಲದಲ್ಲಿಯೂ ಇದೇ ತೂಕ, ಪಂಜಾಬದ ಹರಪ್ಪಾದಲ್ಲಿಯೂ ಇದೇ ತೂಕ. ಆಣೆ-ಪೈ, ಸೇರು-ಪಾವು ಇದ್ದ ಕಾಲದಲ್ಲಿ ನಮ್ಮಲ್ಲಿ ಊರಿಗೊಂದು ಸೇರು, ಸಂತೆಗೊಂದು ಮಣವಿದ್ದದ್ದನ್ನು ಹಿರಿಯರು ನೆನೆಸಿಕೊಂಡಾರು. ಸಾಲಿ ಕಲಿತವರು ಮೋಸ ಹೋದದ್ದು ಅಕ್ಷರದಲ್ಲಿ, ಕಲಿಯದವರು ಮೋಸ ಹೋದದ್ದು ತೂಕದಲ್ಲಿ ಎಂದು ನಮ್ಮ ಕಡೆಯ ಮುದುಕರು ಹೇಳುವದುಂಟು. ಸಿಂಧೂ ಪಟ್ಟಣದ ಸಂತೆಗೆ ಬಂದ ಹಳ್ಳಿಗನಿಗೆ ಆ ಎರಡನೆಯ ಭಯ ಕಡಿಮೆ ಇದ್ದಿರಬೇಕು.

ಲೋಥಲವನ್ನು ಅಗೆದವರು ಕನ್ನಡಿಗರೇ ಆದ ಎಸ್. ಆರ್. ರಾವ್, ಶಿಕಾರಿಪುರ ರಂಗನಾಥರಾಯರು. 1955ರಿಂದ ಹಲವು ವರ್ಷ ಅಲ್ಲಿ ಕೆಲಸ ಮಾಡಿ ಇಟ್ಟಿಗೆ ಕಟ್ಟಿದ ದೊಡ್ಡ ಕೊಳವೊಂದನ್ನು ತೆಗೆದರು. ಅದು ಹಡಗು ನಿಲ್ಲುವ ಕಟ್ಟೆಯೆಂದು ಅವರ ವಾದ, ಅಲ್ಲ ನೀರಿನ ಕೆರೆಯೆಂದು ಬೇರೆಯವರ ವಾದ. ಹತ್ತಿಯ ಕೆಲಸದವರು ತಿಳಿಯಬೇಕಾದದ್ದು ಇನ್ನೊಂದಿದೆ. ಮೊಹೆಂಜೊದಾರೊದಲ್ಲಿ ಒಂದು ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಹತ್ತಿಬಟ್ಟೆಯ ಚೂರು ಸಿಕ್ಕಿತು. ಅದಕ್ಕೆ ಮಂಜಿಷ್ಠದ ಕೆಂಪು ಬಣ್ಣವಿತ್ತು. ನೂಲುವದು, ನೇಯುವದು, ಬಣ್ಣ ಹಾಕುವದು ಮೂರೂ ಕಸಬುಗಳು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನಿಂತಿದ್ದವು. ನಿಮ್ಮ ಜಿನ್ನಿಗೆ ಬರುತ್ತಿದ್ದ ಜಯಧರ ಹತ್ತಿ ಬೇರೆ ಜಾತಿಯದು, ಅದರ ಮೂಲ ಪಡುವಣದ್ದು. ಸಿಂಧೂ ಕಣಿವೆಯದು ನಮ್ಮ ದೇಶದ್ದೇ ಆದ ಮರಹತ್ತಿಯ ಕುಲದ್ದಿರಬೇಕೆಂದು ಹೇಳುತ್ತಾರೆ.

ಅಷ್ಟು ದೊಡ್ಡ ಪಟ್ಟಣಗಳಲ್ಲಿ ಅರಮನೆಯೆಂದು ಖಂಡಿತವಾಗಿ ಹೇಳುವಂಥ ಕಟ್ಟಡ ಸಿಕ್ಕಿಲ್ಲ, ಬಂಗಾರ ತುಂಬಿದ ಅರಸರ ಗೋರಿ ಸಿಕ್ಕಿಲ್ಲ. ಇದನ್ನು ಹಿಡಿದು ಅಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಸಾರುವವರಿದ್ದಾರೆ. ನಾವು ಅಷ್ಟು ಅವಸರ ಪಡುವದಿಲ್ಲ. ಲಕ್ಷಾಂತರ ಇಟ್ಟಿಗೆ ಸುಡಬೇಕಾದರೆ ಮಣ್ಣು ತುಳಿದವರು, ಕಟ್ಟಿಗೆ ಕಡಿದವರು, ಹೊತ್ತವರು ಇದ್ದೇ ಇದ್ದರು. ಅವರಿಗೆ ದಿನದ ಕೂಳು ಯಾರ ಕಣಜದಿಂದ, ಯಾವ ಲೆಕ್ಕದಿಂದ ಬರುತ್ತಿತ್ತೆಂಬುದು ಗೊತ್ತಾಗಬೇಕಾದರೆ ಅವರ ಬರಹವನ್ನು ಓದಬೇಕು. ಆ ಬರಹವನ್ನು ಎಲ್ಲರೂ ಒಪ್ಪುವಂತೆ ಇದುವರೆಗೆ ಯಾರೂ ಓದಿಲ್ಲ.

ಯೂಫ್ರೆಟಿಸ್, ನೈಲ್ ನದಿಗಳ ಕಥೆ ಹಾಗಲ್ಲ. ಅಲ್ಲಿಯ ಬರಹವನ್ನು ಓದಿದ್ದಾರೆ. ಓದಿದರೆ ಸಿಕ್ಕದ್ದು ಏನು? ಯೂಫ್ರೆಟಿಸ್ ದಂಡೆಯ ಉರುಕ್ ಪಟ್ಟಣದ ಅತಿ ಹಳೆಯ ಮಣ್ಣಿನ ಹಲಗೆಗಳಲ್ಲಿ ದೇವರ ಸ್ತೋತ್ರವಿಲ್ಲ, ಪ್ರೇಮದ ಹಾಡಿಲ್ಲ. ಎಷ್ಟು ಧಾನ್ಯ ಬಂತು, ಎಷ್ಟು ಕುರಿ, ಯಾರಿಗೆ ಎಷ್ಟು ಹಂಚಿಕೆ ಎಂಬ ಕಿರ್ದಿ. ಮನುಷ್ಯ ಅಕ್ಷರವನ್ನು ಹುಟ್ಟಿಸಿದ್ದು ಲೆಕ್ಕಕ್ಕಾಗಿ. ಕಾಲುವೆಯ ನೀರು ಬಂದಲ್ಲಿ ಕಾಲುವೆ ಕಾಯುವವನು ಬಂದನು, ಅವನ ಹಿಂದೆ ಪಾಲು ಅಳೆಯುವವನು, ಅವನ ಹಿಂದೆ ಬರೆದುಕೊಳ್ಳುವವನು. ನೈಲ್ ದಂಡೆಯಲ್ಲಿ ಅರಸರ ಗೋರಿ ಕಡಿಯುವ ಕೆಲಸಗಾರರಿಗೆ ಪಗಾರವೆಂದರೆ ಧಾನ್ಯವೇ. 3ನೆಯ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷ, ಅಂದರೆ ಕ್ರಿ.ಪೂ. 12ನೆಯ ಶತಮಾನದಲ್ಲಿ, ಆ ಧಾನ್ಯ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೆಲಸಗಾರರು ಹತ್ಯಾರ ಕೆಳಗಿಟ್ಟು, ಗೋಡೆ ದಾಟಿ ಹೊರಟು, ಗುಡಿಯ ಹಿಂದೆ ಹೋಗಿ ಕುಳಿತುಬಿಟ್ಟರು. ಹಸಿದಿದ್ದೇವೆ, ತಿಂಗಳು ಅರ್ಧ ದಾಟಿತು ಎಂದು ಅಧಿಕಾರಿಗೆ ಹೇಳಿದ್ದನ್ನು ಅಲ್ಲಿಯ ಕಾರಕೂನನೇ ಬರೆದಿಟ್ಟಿದ್ದಾನೆ. ಬರಹದಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದು. ಹುಬ್ಬಳ್ಳಿಯ ಗಿರಣಿ ಬಾಗಿಲಲ್ಲಿ ಕುಳಿತು ಬಂದವರು ನಿಮ್ಮಲ್ಲಿದ್ದರೆ ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಸೀಮೆ. ಮೊದಲು ನೀರಿನ ಹಾದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕುಂದಗೋಳ, ನವಲಗುಂದಗಳ ನೀರನ್ನೆಲ್ಲ ಬೆಣ್ಣಿಹಳ್ಳ ಒಯ್ದು ಮಲಪ್ರಭೆಗೆ ಹಾಕುತ್ತದೆ, ಮಲಪ್ರಭೆ ಕೃಷ್ಣೆಗೆ. ಕಲಘಟಗಿಯ ನೀರು ಬೇಡ್ತಿಯ ಪಾಲಾಗಿ ಘಟ್ಟ ಇಳಿದು ಪಡುವಣ ಕಡಲಿಗೆ. ತೆಂಕಣ ಅಂಚಿನಲ್ಲಿ ತುಂಗಭದ್ರೆ. ಮಲಪ್ರಭೆಯ ದಂಡೆಯಲ್ಲಿ ಮನುಷ್ಯ ಬಹಳ ಹಿಂದಿನಿಂದ ಇದ್ದಾನೆ. ಭೂಗರ್ಭಶಾಸ್ತ್ರದ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮಹಾರಾಷ್ಟ್ರ ಸೀಮೆಯೆಂದು ಆಗ ಕರೆಯುತ್ತಿದ್ದ ನಮ್ಮ ಭಾಗವನ್ನು ಸುತ್ತಿ 1876ರಲ್ಲಿ ಬರೆದ ಗ್ರಂಥದಲ್ಲಿ ಇಲ್ಲಿಯ ಕಲ್ಲಿನ ಹತ್ಯಾರಗಳನ್ನು ಹೇಳಿದ್ದಾನೆ. ಆರ್. ವಿ. ಜೋಶಿಯವರು ಖ್ಯಾಡ ಮೊದಲಾದ ಕಡೆಗಳಲ್ಲಿ ಹುಡುಕಿ 1955ರಲ್ಲಿ ಮಲಪ್ರಭೆಯ ಮೇಲೆಯೇ ಪುಸ್ತಕ ತಂದರು. ಆದರೆ ಅವರು ಬೇಟೆಯವರು, ಅಲೆಯುವವರು. ಬಿತ್ತಿ ಬೆಳೆದು ನೆಲೆ ನಿಂತ ಮಂದಿಯ ಊರುಗಳು ಒತ್ತಾಗಿ ಸಿಗುವದು ಬಳ್ಳಾರಿ, ರಾಯಚೂರುಗಳ ಗುಂಡುಗಲ್ಲಿನ ಗುಡ್ಡಗಳಲ್ಲಿ, ತುಂಗಭದ್ರೆ-ಕೃಷ್ಣೆಗಳ ಸೀಮೆಯಲ್ಲಿ. ನಮ್ಮ ನವಲಗುಂದದ ಬಯಲಿನಲ್ಲಲ್ಲ.

ಯಾಕೆ ಎಂದು ರೈತನನ್ನು ಕೇಳಿದರೆ ಅವನೇ ಹೇಳಿಯಾನು. ಎರಿ ಹೊಲ ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಅಂಟು. ಕಬ್ಬಿಣದ ಕುಳವಿಲ್ಲದೆ, ಎರಡು ಮೂರು ಜೋಡಿ ಎತ್ತಿಲ್ಲದೆ ಆ ನೆಲವನ್ನು ಹೊರಳಿಸುವದು ಯಾರಿಂದ ಸಾಧ್ಯ? ಕಲ್ಲಿನ ಕೊಡಲಿ, ಕಟ್ಟಿಗೆಯ ಗುದ್ದಲಿ ಹಿಡಿದವರಿಗೆ ಮಸಾರಿ ನೆಲವೇ ಹಗುರ. ಗುಡ್ಡದ ಬುಡದಲ್ಲಿ ಮಳೆಯ ನೀರೂ ತುಸು ನಿಲ್ಲುತ್ತದೆ, ರಾತ್ರಿ ದನ ಕಟ್ಟಲು ಬಂಡೆಯ ಮರೆಯೂ ಉಂಟು. ನಮ್ಮ ಸೀಮೆಯ ಕರಿಮಣ್ಣು ಸಿರಿಮಣ್ಣಾದದ್ದು ಕಬ್ಬಿಣ ಬಂದ ಮೇಲೆ ಎಂದು ಎಣಿಸಲು ಕಾರಣವಿದೆ. ಈ ಮಾತನ್ನು ಇಲ್ಲಿಯೇ ಒಂದು ಗಂಟು ಹಾಕಿ ಇಟ್ಟುಕೊಳ್ಳಿ, ಕಬ್ಬಿಣಕ್ಕೆ ಮತ್ತೆ ಬರುತ್ತೇವೆ.

ಹಳ್ಳೂರು ತುಂಗಭದ್ರೆಯ ಎಡದಂಡೆಯ ಮೇಲಿದೆ. ಅಲ್ಲಿ ಡಾ. ಎಂ. ಎಸ್. ನಾಗರಾಜರಾಯರು 1965ರಲ್ಲಿ ಅಗೆಯಿಸಿದರು. ಅದರ ವರದಿ 1971ರಲ್ಲಿ ಧಾರವಾಡದಿಂದಲೇ ಪುಸ್ತಕವಾಗಿ ಹೊರಬಂತು. ದಿಬ್ಬದ ತಳದಲ್ಲಿ ಕಲ್ಲಿನ ಕೊಡಲಿಯ ಕಾಲದ ಮಂದಿ, ಮೇಲೆ ಕಬ್ಬಿಣದ ಕಾಲದವರು, ಒಂದರ ಮೇಲೊಂದು ಪದರಾಗಿ. ನಡುವೆ ಪಾಳು ಬಿದ್ದ ಗುರುತಿಲ್ಲ. ಕಲ್ಲಿನವರನ್ನು ಓಡಿಸಿ ಕಬ್ಬಿಣದವರು ಬಂದರೆಂದು ಹೇಳುವ ಬದಲು, ಒಂದೇ ಊರು ಎರಡೂ ಕಾಲವನ್ನು ಕಂಡಿತೆಂದು ಹೇಳುವದು ಹೆಚ್ಚು ಸರಿಯಾದೀತು.

ಅವರ ಮನೆ ದುಂಡನೆಯದು. ಬಿದಿರಿನ ತಡಿಕೆ, ಅದಕ್ಕೆ ಮೆತ್ತಿದ ಮಣ್ಣು, ಹುಲ್ಲಿನ ಮಾಡು. ಹೆಟ್ಟಿ ಸಮಮಾಡಿದ ನೆಲ, ಒಂದು ಒಲೆ. ತಿಗರಿಯಿಲ್ಲದೆ ಕೈಯಿಂದಲೇ ಮಾಡಿದ ಬೂದುಬಣ್ಣದ ಗಡಿಗೆಗಳು, ಕಲ್ಲಿನಿಂದ ಉಜ್ಜಿ ಮಿನುಗು ತಂದವು. ಮನೆಯಲ್ಲಿ ಕೂಸು ಸತ್ತರೆ ಅದನ್ನು ಗಡಿಗೆಯಲ್ಲಿಟ್ಟು ಮನೆಯ ನೆಲದ ಕೆಳಗೇ ಹುಗಿಯುತ್ತಿದ್ದರು. ಹಳ್ಳೂರು, ಬ್ರಹ್ಮಗಿರಿ, ತೆಕ್ಕಲಕೋಟೆ ಎಲ್ಲ ಕಡೆಗೂ ಈ ರೂಢಿ ಕಂಡಿದೆ. ದೂರದ ಮಸಣಕ್ಕೆ ಒಯ್ಯಲು ಅವರಿಗೆ ಮನಸ್ಸು ಬರಲಿಲ್ಲವೋ, ಮತ್ತೆ ಅದೇ ಮನೆಯಲ್ಲಿ ಹುಟ್ಟಿ ಬರಲೆಂಬ ನಂಬಿಕೆಯೋ, ನಾವು ಬಲ್ಲವರಲ್ಲ. ಅಗೆದ ಕಡೆಗೆಲ್ಲ ಇಂಥ ಗಡಿಗೆಗಳು ಸಿಗುತ್ತವೆ ಎಂದರೆ ಎಷ್ಟು ಕೂಸುಗಳು ಉಳಿಯುತ್ತಿರಲಿಲ್ಲ ಎಂಬುದನ್ನು ಅಂದಾಜು ಮಾಡಬಹುದು. ಹಿಂದಿನ ಕಾಲವನ್ನು ಸ್ವರ್ಗವೆಂದು ಬಣ್ಣಿಸುವವರು ಈ ಗಡಿಗೆಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಅವರ ನಿಜವಾದ ಸಂಪತ್ತು ದನ. ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವಾಗ ಕುಡತಿನಿ ಸಿಗುತ್ತದೆ. ಅಲ್ಲಿ ಬೂದಿಯ ದಿಬ್ಬವೊಂದಿದೆ. ಇಂಥವು ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಮತ್ತು ಆಚೆಯ ತೆಲುಗು ನಾಡಿನಲ್ಲಿ ಕೂಡಿ ನೂರಕ್ಕೂ ಮಿಕ್ಕಿ ಇವೆ. ಕೆಲವು ಎರಡು ಮೂರು ಆಳು ಎತ್ತರ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ಮಂದಿ ತೋರಿಸುತ್ತಾರೆ. ಒಳಗೆ ಕಿಟ್ಟದಂಥ ಗಟ್ಟಿ ಉಂಡೆಗಳು ಕಂಡು ಕಬ್ಬಿಣ ಕರಗಿಸಿದ ಜಾಗವೆಂದೂ, ಜ್ವಾಲಾಮುಖಿಯೆಂದೂ ದೊರೆಗಳ ಕಾಲದಲ್ಲಿ ವಾದಗಳಾದವು. ಅದು ಸುಟ್ಟ ಸೆಗಣಿಯೆಂದು ಹೇಳಿದವನು ಆ ಫೂಟನೇ. 1957ರಲ್ಲಿ ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಎಂಬ ವಿದ್ವಾಂಸ ಅಗೆದಾಗ ಅದು ಸಿದ್ಧವಾಯಿತು. ಸುತ್ತಲೂ ಮರದ ಗೂಟ ನೆಟ್ಟು ಮಾಡಿದ ದೊಡ್ಡ ದನದ ದೊಡ್ಡಿ. ಗೂಟದ ಕುಳಿಗಳು ಸಾಲಾಗಿ ಉಳಿದಿವೆ. ಬೂದಿಯ ಪದರಿನ ಮೇಲೆ ದನದ ಗೊರಸಿನ ಗುರುತುಗಳು ಸಹ ಮೂಡಿ ನಿಂತಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಒಂದು ಮುಂಜಾನೆ ದೊಡ್ಡಿಯಿಂದ ಹೊರಬಿದ್ದ ದನದ ಹೆಜ್ಜೆ!

ಕುಳ್ಳು ತಟ್ಟಿ ಒಲೆ ಉರಿಸುವ ನಮಗೆ ಅವರು ಅಷ್ಟು ಸೆಗಣಿಯನ್ನು ಗುಡ್ಡೆ ಹಾಕಿ ಸುಮ್ಮನೆ ಸುಟ್ಟದ್ದು ವಿಚಿತ್ರವಾಗಿ ಕಾಣುವದು. ದನದ ಹಬ್ಬವಿರಬೇಕು, ಜಾತ್ರೆಯಂತೆ ದೂರದ ದೊಡ್ಡಿಗಳವರು ಕೂಡಿ ಬೆಂಕಿ ಹಚ್ಚುತ್ತಿದ್ದಿರಬೇಕು ಎಂದು ಆಲ್ಚಿನ್ ಎಣಿಸಿದನು. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ರೂಢಿ ಅವನ ಕಣ್ಣ ಮುಂದೆ ಇತ್ತು. ಸುರಪುರದ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ಅಗೆದಾಗ ದಿಬ್ಬದ ಬದಿಗೇ ಮನೆಗಳೂ, ದನ ಕೊಯ್ದು ಮಾಂಸ ಪಾಲು ಮಾಡಿದ ಜಾಗವೂ ಸಿಕ್ಕವು. ಹಾಲು ಕುಡಿದರು, ಎತ್ತನ್ನು ದುಡಿಸಿದರು, ಮಾಂಸವನ್ನೂ ತಿಂದರು. ಇದು ಕೆಲವರ ಕಿವಿಗೆ ಹಿಡಿಸದಿದ್ದರೂ ಎಲುಬಿನ ಮೇಲಿನ ಕತ್ತಿಯ ಗಾಯ ಯಾರ ಮಾತಿಗೂ ಅಳಿಸಿಹೋಗುವದಿಲ್ಲ. ಕುಪ್ಪಗಲ್ಲಿನ ಗುಡ್ಡದ ಕರಿಬಂಡೆಗಳ ಮೇಲೆ ಕಡಿದ ಚಿತ್ರಗಳಲ್ಲಿ ಬಹುಪಾಲು ಡುಬ್ಬದ ಎತ್ತುಗಳೇ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ, ಬಡಿದು ಬಡಿದು ಬಿದ್ದ ತಗ್ಗುಗಳು ಈಗಲೂ ಇವೆ.

ಇನ್ನು ದುಡಿಮೆಯ ಮಾತು. ಬಳ್ಳಾರಿಯ ಬದಿಯ ಸಂಗನಕಲ್ಲಿನ ಗುಡ್ಡಗಳಲ್ಲಿ, ಮುಖ್ಯವಾಗಿ ಹಿರೇಗುಡ್ಡದಲ್ಲಿ, ಕಲ್ಲಿನ ಕೊಡಲಿಯ ಕಾರಖಾನೆಯೇ ಇತ್ತು. ಕಾರಖಾನೆಯೆಂಬ ಮಾತನ್ನು ನಾವು ಉಬ್ಬಿಸಿ ಹೇಳುತ್ತಿಲ್ಲ. ಗುಡ್ಡದ ಗ್ರಾನೈಟಿನ ನಡುವೆ ಕರಿಕಲ್ಲಿನ ಒಂದು ಗೋಡೆ ಹಾಯ್ದಿದೆ. ಅದನ್ನು ಒಡೆದು ತುಂಡು ತೆಗೆಯುವದು ಮೊದಲ ಕೆಲಸ. ಅಂಚು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರುವದು ಎರಡನೆಯದು. ಆಮೇಲೆ ಮೈಯನ್ನೆಲ್ಲ ಸಣ್ಣಗೆ ಕುಟ್ಟಿ ಸಮ ಮಾಡಬೇಕು. ಕಡೆಗೆ ಬಂಡೆಯ ಮೇಲೆ ತಿಕ್ಕಿ ತಿಕ್ಕಿ ಬಾಯಿ ಹರಿತ ಮಾಡಬೇಕು. ತಿಕ್ಕಿದ ಗೆರೆಗಳು ಉದ್ದುದ್ದ ಕುಳಿಗಳಾಗಿ ಬಂಡೆಯ ಮೇಲೆ ಉಳಿದಿವೆ. ಚಕ್ಕೆಗಳ ರಾಶಿಯೋ ಎಣಿಸಲಾರದಷ್ಟು. ಒಂದೂರಿನ ಬಳಕೆಗೆ ಅಷ್ಟು ಕೊಡಲಿ ಬೇಕಾಗುವದಿಲ್ಲ, ಮಾಡಿದ್ದು ಹೊರಗಿನವರಿಗೆ. ಈ ಕೆಲಸ ಬಹಳ ಬಿರುಸಾಗಿ ನಡೆದದ್ದು ಕ್ರಿ.ಪೂ. 1400ರಿಂದ 1200ರ ಸುಮಾರಿಗೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರರು, ಹೊರದೇಶದ ನಿಕೋಲ್ ಬೋಯ್ವಿನ್, ಡೋರಿಯನ್ ಫುಲ್ಲರ್ ಮುಂತಾದವರೊಡನೆ ಅಲ್ಲಿ ವರ್ಷಗಟ್ಟಲೆ ದುಡಿದು ಇದನ್ನೆಲ್ಲ ಬೆಳಕಿಗೆ ತಂದರು.

ಕೊಡಲಿ ಕೊಂಡವನು ಬದಲಿಗೆ ಏನು ಕೊಡುತ್ತಿದ್ದ? ನಾಣ್ಯವಿಲ್ಲ, ಸಿಂಧೂ ಕಣಿವೆಯಂಥ ತೂಕದ ಕಲ್ಲೂ ಇಲ್ಲ. ಕಾಳು, ಕರು, ತೊಗಲು ಇರಬಹುದು. ಕಡಲ ಕಪ್ಪೆಚಿಪ್ಪಿನ ಮಣಿಗಳು ಇಷ್ಟು ಒಳನಾಡಿಗೆ ಬಂದಿವೆ, ತಾಮ್ರ ಸ್ವಲ್ಪ ಸ್ವಲ್ಪ ಬಂದಿದೆ. ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಅಗೆದಾಗ ಬಂಗಾರದ ಒಡವೆಯೂ ಸಿಕ್ಕಿತು. ಬಂಗಾರದ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇವೆ: ಮೊಹೆಂಜೊದಾರೊದ ಬಂಗಾರ ಕೋಲಾರದಿಂದ ಹೋದದ್ದೆಂದು ಸಭೆಗಳಲ್ಲಿ ಎದೆ ತಟ್ಟಿ ಹೇಳುವವರಿದ್ದಾರೆ. ಮಾರ್ಶಲನ ಕಾಲದಿಂದ ಅದೊಂದು ಊಹೆ, ಇನ್ನೂ ಸಿದ್ಧವಾಗಿಲ್ಲ. ನಮ್ಮ ಹಿರಿಮೆಗೆ ಅಂಥ ಕಡದ ಒಡವೆ ಬೇಕಾಗಿಯೂ ಇಲ್ಲ.

ಅವರು ಉಂಡದ್ದನ್ನು ಕೇಳಿರಿ. ಹುರುಳಿ, ಹೆಸರು, ಕೊರಲೆ. ಸುಟ್ಟು ಕರಿಕಾದ ಕಾಳುಗಳನ್ನು ಮಣ್ಣಿನಿಂದ ನೀರಿನಲ್ಲಿ ತೇಲಿಸಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತು ಹಿಡಿಯುತ್ತಾರೆ. ಮೂರೂ ಈ ನೆಲದವೇ. ಹೊರಗಿನಿಂದ ಯಾರೂ ತಂದು ಕೊಡಲಿಲ್ಲ. ಕಾಡಿನ ಹುಲ್ಲನ್ನು, ಕಾಡಿನ ಬಳ್ಳಿಯನ್ನು ಬೆಳೆಯಾಗಿ ಪಳಗಿಸಿದವರು ಇಲ್ಲಿಯ ಹೆಂಗಸರು ಗಂಡಸರೇ. ಈಗ ಹುರುಳಿಯನ್ನು ದನಕ್ಕೆ ಹಾಕುತ್ತೇವೆ, ಬಡವರ ಕಾಳೆಂದು ಮೂಗು ಮುರಿಯುತ್ತೇವೆ. ಆಮೇಲೆ ಉತ್ತರದಿಂದ ಗೋದಿ, ಜವೆಗೋದಿ ಬಂದವು. ಸಜ್ಜೆ, ಅವರೆ ಆಫ್ರಿಕಾ ಖಂಡದಿಂದ ಬಂದವು; ಕ್ರಿ.ಪೂ. 2ನೆಯ ಸಾವಿರದಲ್ಲಿ ಹಳ್ಳೂರಿನ ಮಣ್ಣಿನಲ್ಲಿ ಅವು ಕಾಣಿಸುತ್ತವೆ. ನಮ್ಮ ಜೀವವೇ ಆದ ಬಿಳಿಜೋಳದ ಮೂಲವೂ ಆಫ್ರಿಕವೇ. ಯಾವ ಅರಸನ ಹಡಗು ತಂತೆಂದು ಯಾರೂ ಬರೆದಿಟ್ಟಿಲ್ಲ. ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ, ಒಂದು ಬಂದರದಿಂದ ಇನ್ನೊಂದಕ್ಕೆ ಬೀಜ ದಾಟಿ ಬಂದಿರಬೇಕು. ಪರದೇಶದ್ದೆಲ್ಲ ಬೇಡವೆನ್ನುವವರು ನಾಳೆ ರೊಟ್ಟಿ ಬಡಿಯುವ ಮೊದಲು ಇದನ್ನು ನೆನೆಸಿಕೊಳ್ಳಲಿ.

ಕಾಳು ಅರೆಯಲು ಬೀಸುಕಲ್ಲು ಇನ್ನೂ ಬಂದಿರಲಿಲ್ಲ. ತಗ್ಗಾದ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಎರಡೂ ಕೈಯಿಂದ ಹಿಂದೆ ಮುಂದೆ ಉಜ್ಜಬೇಕು. ಗುಡ್ಡದ ಬಂಡೆಗಳಲ್ಲಿಯೇ ಅರೆದರೆದು ಅಂಗೈಯಂಥ ತಗ್ಗುಗಳು ಬಿದ್ದಿವೆ. ದಿನಕ್ಕೆ ಎಷ್ಟು ತಾಸು ಆ ಕೆಲಸಕ್ಕೆ ಹೋಗುತ್ತಿತ್ತೋ! ಅದು ಬಹುಮಟ್ಟಿಗೆ ಹೆಂಗಸರದೇ ಇದ್ದಿರಬೇಕೆಂದು ನಮ್ಮ ಎಣಿಕೆ. ಕೊಡಲಿ ಮಾಡಿದವನ ಜಾಣತನವನ್ನು ವಿದ್ವಾಂಸರು ಪುಟಗಟ್ಟಲೆ ಹೊಗಳುತ್ತಾರೆ. ಅರೆಯುವ ಕಲ್ಲಿಗೆ ಅಷ್ಟು ಪುಟ ಸಿಕ್ಕಿಲ್ಲ.

ಹಳ್ಳೂರಿನಲ್ಲಿ ಕಬ್ಬಿಣ ಕಾಣಿಸುವದು ಕ್ರಿ.ಪೂ. ಸುಮಾರು 1000ದಲ್ಲಿ. ಅಗೆದ ಕಾಲಕ್ಕೆ ಇದು ದೊಡ್ಡ ಸುದ್ದಿಯಾಯಿತು, ಯಾಕೆಂದರೆ ಕಬ್ಬಿಣವು ಉತ್ತರದಿಂದ ಬಹಳ ತಡವಾಗಿ ಇಲ್ಲಿಗೆ ಇಳಿದು ಬಂತೆಂಬುದು ಅಲ್ಲಿಯವರೆಗಿನ ನಂಬಿಕೆ. ಅಲ್ಲಿಯ ಎಲುಬುಗಳನ್ನು ಪಶುವೈದ್ಯರಾಗಿದ್ದ ಕೆ. ಆರ್. ಆಲೂರರು ಪರೀಕ್ಷಿಸಿ ಕುದುರೆಯ ಎಲುಬುಗಳೂ ಇವೆ ಎಂದರು. ಅದರ ಮೇಲೆ ಆರ್ಯರು ಯಾವಾಗ ಬಂದರು, ಬಂದರೋ ಇಲ್ಲವೋ ಎಂದು ಹತ್ತಾರು ವರ್ಷ ಜಗಳವಾಯಿತು, ಈಗಲೂ ಮುಗಿದಿಲ್ಲ. ನಮಗೆ ಕುದುರೆಗಿಂತ ಕಬ್ಬಿಣವೇ ದೊಡ್ಡದೆನಿಸುತ್ತದೆ. ಆಗ ಗಂಟು ಹಾಕಿ ಇಟ್ಟ ಮಾತು ಇದೇ: ಸಂಗನಕಲ್ಲಿನ ಕಾರಖಾನೆಗೆ ಬೇಡಿಕೆ ನಿಂತಿತು, ಮಸಾರಿಯ ಗುಡ್ಡ ಬಿಟ್ಟು ಎರಿಯ ಬಯಲಿಗೆ ಇಳಿಯುವ ದಾರಿ ತೆರೆಯಿತು.

ಅದೇ ಕಾಲಕ್ಕೆ ಇನ್ನೊಂದು ಬದಲಾವಣೆ ಕಾಣುತ್ತದೆ. ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳ ಗೋರಿಗಳು ಏಳುತ್ತವೆ. ಒಳಗೆ ಕಬ್ಬಿಣದ ಈಟಿ, ಕತ್ತಿ, ಕಪ್ಪು-ಕೆಂಪು ಗಡಿಗೆಗಳ ಸಾಲು. ಹತ್ತಾರು ಆಳು ಕೂಡಿ ಎಳೆದರೂ ಜಗ್ಗದ ಚಪ್ಪಡಿಯನ್ನು ಒಬ್ಬನ ಹೆಣದ ಮೇಲೆ ಇಡಬೇಕಾದರೆ ಅವನ ಮಾತು ನಡೆಯುತ್ತಿತ್ತೆಂದೇ ಅರ್ಥ. ಊರಿನ ಎಲ್ಲರಿಗೂ ಇಂಥ ಗೋರಿ ಸಿಗಲಿಲ್ಲ. ಮೊದಲಿನ ದುಂಡು ಮನೆಗಳಲ್ಲಿ ಇವನದು ದೊಡ್ಡದು ಅವನದು ಸಣ್ಣದು ಎಂದು ಹೇಳುವದು ಕಷ್ಟ, ಗೋರಿಗಳಲ್ಲಿ ಹಾಗಲ್ಲ.

ಇದು ನಾಗರಿಕತೆಯೇ ಎಂದು ಯಾರಾದರೂ ಕೇಳಿಯಾರು. ಪಟ್ಟಣವಿಲ್ಲ, ಬರಹವಿಲ್ಲ, ಗಟಾರವಿಲ್ಲ. ಪುಸ್ತಕದ ಲಕ್ಷಣಗಳಿಂದ ಅಳೆದರೆ ಅಲ್ಲ. ಆದರೆ ಸಿಂಧೂ ಪಟ್ಟಣಗಳು ಮಳೆ ಕಡಿಮೆಯಾಗಿ, ಹೊಳೆಗಳ ಹರಿವು ತಪ್ಪಿ ಕ್ರಿ.ಪೂ. 1900ರ ಹೊತ್ತಿಗೆ ಪಾಳು ಬಿದ್ದವು. ಬರಹ ಮರೆತು ಹೋಯಿತು, ತೂಕದ ಕಲ್ಲು ಹುಗಿದು ಹೋದವು. ನಮ್ಮವರ ಹುರುಳಿ, ಹೆಸರು, ಡುಬ್ಬದ ಎತ್ತು, ಮಣ್ಣು ಮೆತ್ತಿದ ತಡಿಕೆ ಇಂದಿನವರೆಗೆ ನಡೆದು ಬಂದಿವೆ. ಅವರು ನದಿಯ ನೀರನ್ನು ಕಟ್ಟಲಿಲ್ಲ, ಮಳೆಗೆ ಬಿತ್ತಿದರು. ಆದ್ದರಿಂದ ಕಾಲುವೆಯವನೂ ಬರಲಿಲ್ಲ, ಕಿರ್ದಿಯವನೂ ಬರಲಿಲ್ಲ.

ಕಾಲುವೆಯ ಜೊತೆಗೆ ಕಿರ್ದಿ ಬರುವ ಮಾತನ್ನು ನವಲಗುಂದದವರಿಗೆ ಯೂಫ್ರೆಟಿಸ್ ನದಿಯ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಕಟ್ಟಿ, 1970ರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರಿನ ಹಿಂದೆ ಸುಧಾರಣೆಯ ಕರ ಬಂತು. ನೀರು ಮುಟ್ಟದ ಹೊಲಕ್ಕೂ, ನೀರು ನಿಂತು ಕೆಟ್ಟ ಹೊಲಕ್ಕೂ ಬಂತೆಂದು ರೈತರು ಕೂಗಿದರು. 1980ನೆಯ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಏನಾಯಿತೆಂಬುದನ್ನು ಕಣ್ಣಾರೆ ಕಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಗೋಲೀಬಾರಾಯಿತು, ಜೀವಗಳು ಹೋದವು. 2015ರಿಂದ ಅದೇ ಮಂದಿ ಮಹಾದಾಯಿಯ ನೀರು ಮಲಪ್ರಭೆಗೆ ಬರಲೆಂದು ಬೀದಿಯಲ್ಲಿ ಕುಳಿತರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಎಂದು ಹೇಳಿತು. ಒಮ್ಮೆ ಕಾಲುವೆಯನ್ನು ನಂಬಿದ ಮೇಲೆ ಮಳೆಯ ಕಾಲಕ್ಕೆ ಮರಳುವ ದಾರಿ ಇಲ್ಲ. ಆ ಕಿರ್ದಿಯನ್ನು ಯಾರು ಬರೆಯುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂದು ಕೇಳುವದಷ್ಟೇ ಉಳಿಯುತ್ತದೆ.

ಈಗ ಒಂದು ಕೆಲಸದ ಮಾತು ಹೇಳಿ ಕೂಡ್ರುತ್ತೇವೆ. ಬೂದಿಯ ದಿಬ್ಬಗಳನ್ನು ಗೊಬ್ಬರಕ್ಕೆಂದು ಬಂಡಿಗಟ್ಟಲೆ ಹೇರಿಕೊಂಡು ಹೋಗಿ ಎಷ್ಟೋ ದಿಬ್ಬಗಳು ನೆಲಸಮವಾಗಿವೆ. ರೈತನನ್ನು ಇದಕ್ಕೆ ಬಯ್ಯುವದು ಸಲ್ಲ; ಅದು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಗನಕಲ್ಲು-ಕುಪ್ಪಗಲ್ಲಿನ ಗುಡ್ಡಗಳನ್ನು ಗ್ರಾನೈಟಿಗಾಗಿ ಸಿಡಿಮದ್ದು ಇಟ್ಟು ಒಡೆದದ್ದು ಬೇರೆ. ಅದನ್ನು ಮಾಡಿಸಿದವರು ತಿಳಿಯದವರಲ್ಲ. ಬಳ್ಳಾರಿಯಲ್ಲಿ ಫೂಟನ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ, ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹವಿದೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಬಾವಿ ತೋಡುವಾಗ, ಬದು ಹಾಕುವಾಗ ಅಂಗೈಯಗಲದ ಕರಿಕಲ್ಲು, ಒಂದು ಕಡೆ ಮೊನಚು, ಇನ್ನೊಂದು ಕಡೆ ಹರಿತ ಬಾಯಿ, ಮೈಯೆಲ್ಲ ನುಣುಪು ಆದದ್ದು ಸಿಕ್ಕರೆ ಅದನ್ನು ಬದುವಿಗೆ ಎಸೆಯಬೇಡಿರಿ. ಗುಡಿಯ ಕಟ್ಟೆಯ ಮೇಲೆ ಕುಂಕುಮ ಹಚ್ಚಿ ಇಟ್ಟಿರುವ ಕಲ್ಲುಗಳಲ್ಲಿಯೂ ಅಂಥದು ಇದ್ದೀತು. ಹಿಂದೆ ಸಂಶೋಧಕರಿಗೆ ಹಾಗೆ ಸಿಕ್ಕದ್ದುಂಟು. ಅದು ಸಿಕ್ಕ ಹೊಲ ಯಾವದು, ಎಷ್ಟು ಆಳದಲ್ಲಿತ್ತು, ಜೊತೆಗೆ ಬೂದಿಯೋ ಗಡಿಗೆಯ ಚೂರೋ ಇತ್ತೇ ಎಂದು ಒಂದು ಚೀಟಿಯ ಮೇಲೆ ಬರೆದು ಊರಿನ ಶಾಲೆಯ ಮಾಸ್ತರರಿಗೆ ಕೊಡಿರಿ. ಮಾಸ್ತರರು ಕಾರ್ಡು ಬರೆದು ಧಾರವಾಡಕ್ಕೆ ತಿಳಿಸಲಿ. ಬೆಣ್ಣಿಹಳ್ಳದ ದಂಡೆಯ ನಕಾಶೆ ಈ ವಿಷಯದಲ್ಲಿ ಇನ್ನೂ ಬಹುಮಟ್ಟಿಗೆ ಬಿಳಿ ಹಾಳೆಯಾಗಿಯೇ ಇದೆ.